ಬಿತ್ತನೆಯ ಮೀನಿಗೆ ಬೇಸಿಗೆಯ ಬಲೆ

ಮೇ ತಿಂಗಳ ಕೊನೆಯ ವಾರಗಳಲ್ಲಿ ಲಿಂಗನಮಕ್ಕಿಯ ಹಿನ್ನೀರು ವರ್ಷದ ಅತ್ಯಂತ ಕೆಳಗಿನ ಮಟ್ಟವನ್ನು ಸಮೀಪಿಸುತ್ತದೆ. ಮುಳುಗಡೆಯಾದ ಗದ್ದೆಗಳ ಬದು, ಹಳೆಯ ಗಾಡಿದಾರಿ, ಕಡಿಯದೆ ಬಿಟ್ಟ ಮರಗಳ ಕಪ್ಪು ಬೊಡ್ಡೆಗಳು ಒಂದೊಂದಾಗಿ ನೀರಿನಿಂದ ಹೊರಬರುತ್ತವೆ. ಮಳೆ ತೀರ ತಡವಾದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ತನ್ನ ಸೈಫನ್‌ಗಳ ಸಮೇತ ಬಯಲಾಗುತ್ತದೆ. ಅದನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ಇದೇ ದಿನಗಳಲ್ಲಿ ಹಿನ್ನೀರಿನ ದಂಡೆಯಲ್ಲಿ ಮತ್ತೊಂದು ಚಟುವಟಿಕೆಯೂ ತುತ್ತತುದಿ ಮುಟ್ಟುತ್ತದೆ. ತೆಪ್ಪಗಳು ಇಮ್ಮಡಿಯಾಗುತ್ತವೆ, ಬಲೆಗಳು ಒತ್ತೊತ್ತಾಗಿ ಬೀಳುತ್ತವೆ, ಮಂಜುಗಡ್ಡೆ ತುಂಬಿದ ವಾಹನಗಳು ದಂಡೆಯವರೆಗೂ ಇಳಿಯುತ್ತವೆ. ವರ್ಷವಿಡೀ ಕೈಗೆ ಸಿಗದಿದ್ದ ಮೀನು ಬೇಸಿಗೆಯ ಕೊನೆಯಲ್ಲಿ ರಾಶಿಯಾಗಿ ಸಿಗುತ್ತದೆ.

ನೋಡುವವರಿಗೆ ಇದು ಸಮೃದ್ಧಿಯಂತೆ ಕಾಣುತ್ತದೆ. ಆದರೆ ಇದು ಬೆಳೆ ಬಂದ ಕಾಲವಲ್ಲ, ಬಿತ್ತನೆಗೆ ಮುಂಚಿನ ಕಾಲ. ಬಲೆಯಲ್ಲಿ ಬೀಳುತ್ತಿರುವುದರಲ್ಲಿ ದೊಡ್ಡ ಪಾಲು ಇನ್ನು ಹದಿನೈದು ದಿನಗಳಲ್ಲಿ ಹೊಳೆ ಏರಿ ಮೊಟ್ಟೆ ಇಡಬೇಕಾದ ತಾಯಿಮೀನು. ಎಂಥ ಬರಗಾಲದಲ್ಲೂ ಮುಡಿ ಕಟ್ಟಿ ಅಟ್ಟದ ಮೇಲಿಟ್ಟ ಬಿತ್ತನೆಯ ಬತ್ತಕ್ಕೆ ಕೈಹಾಕಲು ಹಿಂಜರಿಯುವ ಮಲೆನಾಡು, ನೀರಿನಲ್ಲಿರುವ ಬೀಜವನ್ನು ಮಾತ್ರ ಪ್ರತಿವರ್ಷ ಬಿತ್ತನೆಯ ಮುನ್ನಾದಿನವೇ ಉಂಡು ಮುಗಿಸುತ್ತಿದೆ. ಈ ವಿರೋಧಾಭಾಸವನ್ನು ಗಂಭೀರವಾಗಿ ಪರಿಶೀಲಿಸುವ ಕಾಲ ಬಂದಿದೆ.

ಲಿಂಗನಮಕ್ಕಿಯನ್ನು ಜನ ಕಡಲಿನಂತೆ ಕಂಡರೂ ಅದು ಸ್ವಭಾವತಃ ಸರೋವರವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಹುಟ್ಟಿದ ಜಲರಾಶಿ ಅದು. ಪೂರ್ಣಮಟ್ಟ 1,819 ಅಡಿ. ಸಂಗ್ರಹ ಸುಮಾರು 151 ಟಿಎಂಸಿ ಅಡಿ. ತುಂಬಿದಾಗ ನೀರಿನ ಹರವು 300 ಚದರ ಕಿಲೋಮೀಟರನ್ನು ಮೀರುತ್ತದೆ. ಈ ನೀರು ಸಂಗ್ರಹವಾಗುವುದು ಮುಖ್ಯವಾಗಿ ವಿದ್ಯುತ್ತಿಗಾಗಿ. ತಲಕಳಲೆಯ ಮೂಲಕ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಅದು ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬುವುದು, ಮಳೆ ನಿಂತ ಮೇಲೆ ಮುಂದಿನ ಮಳೆಯವರೆಗೆ ಬರಿದಾಗುತ್ತ ಹೋಗುವುದು, ಇದು ಅದರ ವಾರ್ಷಿಕ ಉಸಿರಾಟ. ನೈಸರ್ಗಿಕ ಸರೋವರದ ದಂಡೆಯಲ್ಲಿ ಜೊಂಡು, ಹುಲ್ಲು, ನೀರ್ಗಿಡಗಳು ಬೇರೂರಿ ಮೀನುಮರಿಗಳಿಗೆ ತೊಟ್ಟಿಲಾಗುತ್ತವೆ. ವರ್ಷಕ್ಕೊಮ್ಮೆ ಹತ್ತಾರು ಅಡಿ ಏರಿಳಿಯುವ ಜಲಾಶಯದ ದಂಡೆಯಲ್ಲಿ ಅಂಥ ತೊಟ್ಟಿಲು ಕಟ್ಟಿಕೊಳ್ಳುವುದಿಲ್ಲ. ಆರು ತಿಂಗಳು ನೀರಿನಡಿ, ಆರು ತಿಂಗಳು ಬಿಸಿಲಿನಡಿ ಇರುವ ಆ ಕೆಂಪು ಮಣ್ಣು ಎರಡಕ್ಕೂ ಸೇರದು.

ಆದ್ದರಿಂದಲೇ ಈ ಜಲಾಶಯದ ಮೀನಿನ ಬದುಕು ಜಲಾಶಯದಲ್ಲಿ ಮುಗಿಯುವುದಿಲ್ಲ. ಅಲ್ಲಿ ಅದು ಉಣ್ಣುತ್ತದೆ, ಬೆಳೆಯುತ್ತದೆ, ಬೇಸಿಗೆ ಕಳೆಯುತ್ತದೆ. ಗೆಂಡೆಯ ಜಾತಿಗಳು, ಬಾಳೆಮೀನು, ಗಿರ್ಲು ಮೊದಲಾದವುಗಳಲ್ಲಿ ಹೆಚ್ಚಿನವು ಸಂತಾನಕ್ಕೆ ಹರಿಯುವ ಹೊಸನೀರನ್ನು ಅರಸುತ್ತವೆ. ಮೊದಲ ಜೋರುಮಳೆಗೆ ಹೊಳೆಯ ನೀರು ಕೆಂಪಗಾಗಿ, ತಣ್ಣಗಾಗಿ, ಮಣ್ಣಿನ ವಾಸನೆ ಹೊತ್ತು ಹಿನ್ನೀರಿಗೆ ಇಳಿದಾಗ ಆ ಪ್ರವಾಹಕ್ಕೆ ಎದುರಾಗಿ ಮೀನು ಏರತೊಡಗುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ನೀರು ನಿಂತ ಗದ್ದೆಗೆ ಹತ್ತಿ ಅದು ಮೊಟ್ಟೆ ಇಡುತ್ತದೆ. ಮಲೆನಾಡು ಇದನ್ನು ಹತ್ತುಮೀನು ಎಂದು ಕರೆಯುತ್ತದೆ. ಮರಿಗಳು ಆಳವಿಲ್ಲದ, ಬೆಚ್ಚನೆಯ, ಸೂಕ್ಷ್ಮಜೀವಿಗಳು ತುಂಬಿದ ನೀರಿನಲ್ಲಿ ಬೆಳೆದು, ಮಳೆ ಇಳಿಯುವ ಹೊತ್ತಿಗೆ ಹಿನ್ನೀರಿಗೆ ಮರಳುತ್ತವೆ. ಜಲಾಶಯ ಮೀನಿನ ಮನೆಯಾದರೆ ಹೊಳೆ ಅದರ ತವರು. ತವರಿಗೆ ಹೊರಟ ಬಸುರಿಯನ್ನು ಹೊಸ್ತಿಲಲ್ಲೇ ಹಿಡಿಯುವುದು ಬೇಸಿಗೆ ಕೊನೆಯ ಮೀನುಗಾರಿಕೆ.

ಆ ದಿನಗಳಲ್ಲಿ ಹಿಡಿಯುವುದು ಸುಲಭವಾಗುವುದಕ್ಕೆ ಸ್ಪಷ್ಟ ಕಾರಣಗಳಿವೆ. ನೂರಾರು ಚದರ ಕಿಲೋಮೀಟರಿನಲ್ಲಿ ಚದುರಿದ್ದ ಮೀನು ಹಳೆಯ ನದಿಪಾತ್ರದ ಕಿರಿದಾದ ನೀರಿಗೆ ಒತ್ತರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಲೆಗೆ ಅಡ್ಡಬರುವ ಮರದ ಬೊಡ್ಡೆಗಳು ಈಗ ನೀರಿನಿಂದ ಹೊರಗಿರುತ್ತವೆ. ವರ್ಷವಿಡೀ ಮೀನಿಗೆ ಕೋಟೆಯಾಗಿದ್ದ ಅವು ಆಗ ಕಾವಲು ಬಿಟ್ಟು ನಿಂತಂತೆ. ಬಿಸಿನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಲ್ಲ ಆಮ್ಲಜನಕ, 30 ಡಿಗ್ರಿಯಲ್ಲಿ ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ದಂಡೆಯ ಹೊಂಡಗಳಲ್ಲಿ ಸಿಕ್ಕಿಬಿದ್ದ ಮೀನು ಬೆಳಗಿನ ಜಾವ ಬಾಯಿ ಮೇಲಕ್ಕೆತ್ತಿ ಏದುಸಿರು ಬಿಡುವುದು ಇದರಿಂದಲೇ. ಜೊತೆಗೆ, ಮೊಟ್ಟೆ ತುಂಬಿದ ಮೀನು ಮಳೆಯ ಸೂಚನೆಗಾಗಿ ಹೊಳೆಬಾಯಿಗಳ ಹತ್ತಿರ ಬಂದು ಕಾಯುತ್ತದೆ. ಎಲ್ಲಿ ಬಲೆ ಬಿಡಬೇಕೆಂದು ಹೇಳಿಕೊಡಬೇಕಾದ ಅಗತ್ಯವೇ ಇಲ್ಲ.

ಹೀಗೆ ಹಿಡಿದ ಒಂದು ತಾಯಿಮೀನಿನ ಲೆಕ್ಕ ಒಂದು ಮೀನಿನ ಲೆಕ್ಕವಲ್ಲ. ಒಂದು ಕಿಲೋ ತೂಕದ ರೋಹುವಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮಶೀರ್‌ನಂಥ ಹೊಳೆಮೀನಿನಲ್ಲಿ ಅದೇ ತೂಕಕ್ಕೆ ಇರುವುದು ಕೆಲವೇ ಸಾವಿರ. ಕಡಿಮೆ ಮೊಟ್ಟೆ ಇಡುವ, ನಿಧಾನವಾಗಿ ಪ್ರಾಯಕ್ಕೆ ಬರುವ ಜಾತಿ ಸತತ ಕೆಲವು ಬೇಸಿಗೆಗಳ ಹೊಡೆತವನ್ನು ತಡೆಯಲಾರದು. ಕೊರವ, ಅವಲುಗಳ ಕಥೆ ಇನ್ನೊಂದು ಬಗೆ. ಮರಿಗಳು ಗುಂಪಾಗಿ ನೀರಿನ ಮೇಲ್ಪದರದಲ್ಲಿ ಆಡುವಾಗ ತಂದೆತಾಯಿ ಕೆಳಗೆ ಕಾವಲು ನಿಂತಿರುತ್ತವೆ. ಆ ಕಾವಲನ್ನೇ ಗುರುತು ಮಾಡಿಕೊಂಡು ಗಾಳ ಹಾಕುವವರಿದ್ದಾರೆ. ದೊಡ್ಡ ಮೀನು ಮೇಲೆ ಬಂದ ಮರುಗಳಿಗೆಯಿಂದ ಮರಿಗಳ ಗುಂಪು ಇತರ ಮೀನುಗಳ ತುತ್ತು. ಹಿಡಿದವರ ಬುಟ್ಟಿಯಲ್ಲಿ ಒಂದು, ಹೊಳೆಯ ಲೆಕ್ಕದಲ್ಲಿ ನೂರಾರು.

ಲಿಂಗನಮಕ್ಕಿಯ ವಿಷಯದಲ್ಲಿ ಇನ್ನೊಂದು ಕಠಿಣ ಸತ್ಯವಿದೆ. ಬಯಲುಸೀಮೆಯ ನದಿಯಲ್ಲಿ ಒಂದೆಡೆ ಮೀನು ಬರಿದಾದರೆ ಕೆಳಗಿನಿಂದ ಮತ್ತೆ ಏರಿಬರುವ ಆಸೆಯಾದರೂ ಉಂಟು. ಶರಾವತಿಯಲ್ಲಿ ಅಣೆಕಟ್ಟೆಗಿಂತ ಮೊದಲೇ ನಿಸರ್ಗವೇ ಒಂದು ಗೋಡೆ ಕಟ್ಟಿದೆ. 253 ಮೀಟರ್ ಎತ್ತರದ ಜೋಗವನ್ನು ಯಾವ ಮೀನೂ ಹತ್ತಲಾರದು. ಜೋಗದ ಮೇಲಿನ ಶರಾವತಿ ಮೀನಿನ ಪಾಲಿಗೆ ಸಾವಿರಾರು ವರ್ಷಗಳಿಂದ ಒಂದು ಮುಚ್ಚಿದ ಜಗತ್ತು. ಅಲ್ಲಿ ಅಳಿದದ್ದು ತನ್ನಷ್ಟಕ್ಕೆ ಮರಳುವುದಿಲ್ಲ.

ಆ ಮುಚ್ಚಿದ ಜಗತ್ತಿನ ಬೆಲೆಯನ್ನು ವಿಜ್ಞಾನ ತಡವಾಗಿ ಅರಿಯಿತು. 2004ರಲ್ಲಿ ಈ ನದಿಯ ಹೆಸರನ್ನೇ ಹೊತ್ತ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಮೀನು ಹೊಸ ಪ್ರಭೇದವಾಗಿ ವಿವರಿಸಲ್ಪಟ್ಟಿತು. 2006ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀಕಂಠ, ಕೆ.ವಿ. ಗುರುರಾಜ, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಶಿಸ್ಟುರಾ ನಾಗೋಡಿಯೆನ್ಸಿಸ್, ಶಿಸ್ಟುರಾ ಶರಾವತಿಯೆನ್ಸಿಸ್ ಎಂಬ ಎರಡು ಹೊಸ ಮೀನುಗಳನ್ನು ಲೋಕಕ್ಕೆ ತೋರಿಸಿದರು. ಬೆರಳುದ್ದದ ಈ ಮೀನುಗಳು ಸಂತೆಗೆ ಬರುವಂಥವಲ್ಲ. ಆದರೆ ಅವು ಬದುಕುವ ಹಳ್ಳಗಳೇ ಸಂತೆಗೆ ಬರುವ ಮೀನಿನ ತವರೂ ಹೌದು. ಇದೇ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ಮುಖ್ಯ ಸಂಗತಿಯನ್ನು ಮುಂದಿಟ್ಟಿತು. ನಿತ್ಯಹರಿದ್ವರ್ಣ ಕಾಡು ಉಳಿದಿರುವ ಹಳ್ಳಗಳಲ್ಲಿ ವರ್ಷವಿಡೀ ನೀರಿದೆ, ಪಶ್ಚಿಮಘಟ್ಟಕ್ಕೆ ಸೀಮಿತವಾದ ಮೀನುಗಳ ವೈವಿಧ್ಯವೂ ಅಲ್ಲೇ ಹೆಚ್ಚು. ನಾಗೋಡಿಹೊಳೆ, ಹುರಳಿಹೊಳೆ, ಎಣ್ಣೆಹೊಳೆ, ಹಿಲ್ಕುಂಜಿಯ ಕಡೆಯ ಪಶ್ಚಿಮದ ತೊರೆಗಳಿಗೂ, ಕಾಡು ಕಳೆದುಕೊಂಡ ಪೂರ್ವದ ನಂದಿಹೊಳೆ, ಹರಿದ್ರಾವತಿಯ ಕಡೆಯ ತೊರೆಗಳಿಗೂ ಇರುವ ಅಂತರ ಅಲ್ಲಿ ಎದ್ದು ಕಂಡಿತು. ಹಿನ್ನೀರಿನ ಮೀನುಗಾರಿಕೆಯ ಭವಿಷ್ಯ ಹಿನ್ನೀರಿನಿಂದ ಹತ್ತಾರು ಮೈಲಿ ದೂರದ ಕಾಡಿನ ಮೇಲೂ ನಿಂತಿದೆ ಎಂಬುದು ಇದರ ತಾತ್ಪರ್ಯ.

ಇಷ್ಟೆಲ್ಲ ಚಿಂತೆ ಏಕೆ, ಪ್ರತಿವರ್ಷ ಮೀನುಮರಿ ಬಿತ್ತಿದರೆ ಸಾಲದೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಕೃತಕವಾಗಿ ಮೊಟ್ಟೆ ಇಡಿಸಿದ್ದು ನಿಸ್ಸಂಶಯವಾಗಿ ದೊಡ್ಡ ಸಾಧನೆ. ದೇಶದ ಕೆರೆಕಟ್ಟೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳು ತುಂಬಿದ್ದು ಅದರಿಂದ. ಆದರೆ ಅವು ಮೂಲತಃ ಗಂಗೆಯ ಬಯಲಿನ ಮೀನುಗಳು. ಮರಿಕೇಂದ್ರದಿಂದ ತಂದು ಬಿಟ್ಟಷ್ಟು ಬೆಳೆಯುತ್ತವೆ, ಹಿಡಿದಷ್ಟು ಕಡಿಮೆಯಾಗುತ್ತವೆ, ಮತ್ತೆ ತಂದು ಬಿಡಬೇಕಾಗುತ್ತದೆ. ಅದು ಪ್ರತಿವರ್ಷ ಅಂಗಡಿಯಿಂದ ಕೊಳ್ಳುವ ಹೈಬ್ರಿಡ್ ಬೀಜದ ಬೇಸಾಯ. ಹೊಳೆಯ ನಾಟಿಮೀನು ಮನೆಯ ತಳಿ. ತನ್ನ ಬೀಜವನ್ನು ತಾನೇ ಉಳಿಸಿಕೊಳ್ಳಬಲ್ಲದು, ಬಿತ್ತನೆಯ ಒಂದು ತಿಂಗಳು ಅದನ್ನು ಅದರ ಪಾಡಿಗೆ ಬಿಟ್ಟರೆ. ಬತ್ತದಲ್ಲಿ ನೂರಾರು ನಾಟಿತಳಿಗಳನ್ನು ಕಳೆದುಕೊಂಡ ಮೇಲೆ ಅವುಗಳ ಬೆಲೆ ಅರಿತ ಮಲೆನಾಡಿಗರಿಗೆ ಈ ಹೋಲಿಕೆಯನ್ನು ಹೆಚ್ಚು ವಿವರಿಸಬೇಕಿಲ್ಲ.

ಅಲ್ಲದೆ, ನಾಟಿಮೀನು ತೆರವು ಮಾಡಿದ ಜಾಗ ಖಾಲಿ ಉಳಿಯುವುದಿಲ್ಲ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ತನ್ನ ಮೊಟ್ಟೆಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ. ಅದಕ್ಕೆ ಹೊಳೆ ಹತ್ತುವ ಅಗತ್ಯವಿಲ್ಲ. ಮಳೆಯನ್ನು ಕಾಯುವ ಗೊಡವೆಯೂ ಇಲ್ಲ. ಹೊಳೆ ಏರುವ ಮೀನನ್ನು ಮನುಷ್ಯ ಹಿಡಿದು ಮುಗಿಸಿದಷ್ಟೂ, ಏರದೆ ನಿಲ್ಲುವ ಮೀನಿಗೆ ಲಾಭ.

ಈ ಲೂಟಿಯನ್ನೆಲ್ಲ ತೆಪ್ಪದ ಮೀನುಗಾರನ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ಮಲೆನಾಡಿನ ಊರೂರುಗಳಲ್ಲಿ ಮೊದಲ ಮಳೆಯ ರಾತ್ರಿ ನಡೆಯುವ ಹತ್ತುಮೀನಿನ ಬೇಟೆ ಒಂದು ಹಬ್ಬ. ಹಿಂದೆ ಅದಕ್ಕೂ ತನ್ನದೇ ಮಿತಿಯಿತ್ತು. ಬಿದಿರಿನ ಕೂಣಿ, ಸೂಡಿಯ ಬೆಳಕು, ಕೈಕತ್ತಿ, ಇಷ್ಟೇ ಸಲಕರಣೆ. ಸೂಡಿ ಉರಿಯುವಷ್ಟು ಹೊತ್ತು ಬೇಟೆ. ಮನೆಯ ಬಾಣಲೆಗೆ ಬೇಕಾದಷ್ಟು ಮೀನು, ಹೆಚ್ಚಾದರೆ ನೆರೆಮನೆಗೆ. ಇಂದು ಅದೇ ಹಳ್ಳದ ಮೇಲೆ ಬ್ಯಾಟರಿ ದೀಪದ ಹಗಲು, ಈ ದಡದಿಂದ ಆ ದಡಕ್ಕೆ ನೈಲಾನ್ ಬಲೆ, ಬೈಕಿನಲ್ಲಿ ಬಂದ ಪೇಟೆಯ ಯುವಕರು. ಕೆಲವೆಡೆ ವಿದ್ಯುತ್ ತಂತಿಯನ್ನೇ ನೀರಿಗೆ ಬಿಡುವ ಹುಚ್ಚು. ಕೂಣಿ ಒಂದು ಪಾಲು ಹಿಡಿದು ಒಂದು ಪಾಲನ್ನು ಮೇಲಕ್ಕೆ ಬಿಡುತ್ತಿತ್ತು. ಹಳ್ಳದ ಅಗಲಕ್ಕೆ ಕಟ್ಟಿದ ಸಣ್ಣಕಣ್ಣಿನ ಬಲೆ ಯಾವುದನ್ನೂ ಬಿಡುವುದಿಲ್ಲ. ಪದ್ಧತಿಯ ಹೆಸರು ಹಳೆಯದಿರಬಹುದು, ಆಚರಣೆ ಹಳೆಯದಲ್ಲ.

ಬೇಸಿಗೆಯ ಮಡುಗಳಿಗೆ ಬೀಳುವ ತೋಟೆ ಮತ್ತು ವಿಷ ಇದಕ್ಕಿಂತ ಭೀಕರ. ಸ್ಫೋಟಕ ಬಳಸಿ, ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಷ್ಟು ಹಿಂದಿನಿಂದಲೂ ಅಪರಾಧ. ಶತಮಾನ ಕಳೆದರೂ ಬೇಸಿಗೆಯ ಮಡುಗಳಲ್ಲಿ ಸದ್ದು ಅಡಗಿಲ್ಲ. ತೋಟೆ ಹಾಕಿದಲ್ಲಿ ತೇಲಿ ಸಿಗುವುದು ಸತ್ತದ್ದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ತಳ ಸೇರುತ್ತದೆ. ಮರಿ, ಮೊಟ್ಟೆ, ಸೀಗಡಿ, ಏಡಿ ಎಂಬ ಭೇದವಿಲ್ಲ. ಹಿಂದೆ ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುತ್ತಿದ್ದವರ ಮೊಮ್ಮಕ್ಕಳು ಇಂದು ಬ್ಲೀಚಿಂಗ್ ಪುಡಿ, ಕೀಟನಾಶಕಗಳನ್ನು ಸುರಿಯುತ್ತಿದ್ದಾರೆ. ಅದೇ ನೀರು ಕೆಳಗಿನ ಊರಿನ ಬಾವಿಯನ್ನೂ ದನದ ಬಾಯನ್ನೂ ತಲುಪುತ್ತದೆ.

ಕೃಷಿಕರು ತಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕಾದ ಸಂಗತಿಯೊಂದಿದೆ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಒಂದು ಶತಮಾನಕ್ಕೂ ಹಿಂದೆ ತೋರಿಸಿಕೊಟ್ಟರು. ಅದು ತೋಟಗಳನ್ನು ಉಳಿಸಿತು, ಇಂದಿಗೂ ಉಳಿಸುತ್ತಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಈ ದ್ರಾವಣವನ್ನು ಸಿಂಪಡಿಸುವುದು ಮುಂಗಾರಿನ ಹೊಸ್ತಿಲಲ್ಲಿ, ಅಂದರೆ ಮೀನು ಹಳ್ಳ ಏರುವ ಹೊತ್ತಿನಲ್ಲೇ. ತಾಮ್ರ ಮೀನಿಗೆ, ಅದರಲ್ಲೂ ಮರಿಗಳಿಗೆ, ಅತ್ಯಲ್ಪ ಪ್ರಮಾಣದಲ್ಲೂ ವಿಷ. ನೀರು ಗಡಸಾಗಿದ್ದರೆ ಅದರ ತೀವ್ರತೆ ತಗ್ಗುತ್ತದೆ. ಮಲೆನಾಡಿನ ತೊರೆಗಳದ್ದು ಸುಣ್ಣದಂಶ ಕಡಿಮೆಯಿರುವ ಮೃದುನೀರು. ಆದ್ದರಿಂದ ಇಲ್ಲಿ ತಾಮ್ರದ ಅಪಾಯ ಬಯಲುಸೀಮೆಗಿಂತ ಹೆಚ್ಚು. ಸುಣ್ಣ ಸರಿಯಾಗಿ ಬೆರೆತು ಎಲೆ, ಗೊನೆಗೆ ಅಂಟಿದ ದ್ರಾವಣದ ಬಗೆಗೆ ಇಲ್ಲಿ ತಕರಾರಿಲ್ಲ. ಮಿಕ್ಕ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು, ಡ್ರಮ್ಮು, ಪಂಪುಗಳನ್ನು ತೊರೆಯಲ್ಲಿ ತೊಳೆಯುವುದು, ಇವು ತಪ್ಪಿಸಬಹುದಾದ ಹಾನಿಗಳು. ತೋಟದ ಮೂಲೆಯಲ್ಲೊಂದು ಗುಂಡಿ ತೆಗೆದು ಅದಕ್ಕೆ ಸುರಿದರೆ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ಇನ್ನು ಜೀವನೋಪಾಯದ ಪ್ರಶ್ನೆ. ಹಿನ್ನೀರಿನ ದಂಡೆಯ ಗುಡಿಸಲುಗಳಲ್ಲಿ ಬದುಕುವ ಮೀನುಗಾರ ಕುಟುಂಬಗಳಲ್ಲಿ ಭೂಮಿ ಇಲ್ಲದವರೇ ಹೆಚ್ಚು. ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದು ನೆಲೆಸಿದವರೂ ಇದ್ದಾರೆ. ಬಲೆ, ತೆಪ್ಪಗಳಿಗೆ ಮುಂಗಡ ಕೊಟ್ಟ ವ್ಯಾಪಾರಿಗೇ ಅವರ ಮೀನು ಸಲ್ಲಬೇಕು. ಬೆಲೆ ಆತ ಹೇಳಿದಷ್ಟು. ಬೇಸಿಗೆಯ ಕೊನೆಯಲ್ಲಿ ಕೈತುಂಬ ಹಿಡಿಯದಿದ್ದರೆ ಮಳೆಗಾಲದ ಮೂರು ತಿಂಗಳ ಅಕ್ಕಿಗೆ ದಾರಿಯಿಲ್ಲ. ಇಂಥವರೆದುರು ತಾಯಿಮೀನಿನ ಧರ್ಮಸೂಕ್ಷ್ಮ ಹೇಳುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಅವರನ್ನು ದೂರವಿಟ್ಟು ರೂಪಿಸಿದ ಯಾವ ನಿಯಮವೂ ಹಿನ್ನೀರಿನಲ್ಲಿ ನಿಲ್ಲುವುದಿಲ್ಲ. ಜಲಾಶಯದ ಒಂದು ಭಾಗ ಶರಾವತಿ ಅಭಯಾರಣ್ಯದೊಳಗೂ ಸೇರಿದೆ. ಅಲ್ಲಿ ಅರಣ್ಯ ಇಲಾಖೆಯ ಕಾನೂನು, ಹೊರಗೆ ಮೀನುಗಾರಿಕೆ ಇಲಾಖೆಯ ಪರವಾನಗಿ, ನೀರಿನ ಮಟ್ಟ ವಿದ್ಯುತ್ ನಿಗಮದ ಕೈಯಲ್ಲಿ. ಮೀನಿಗೆ ಈ ಗಡಿಗಳು ತಿಳಿಯವು. ಬಡ ಮೀನುಗಾರನಿಗೆ ದಂಡ ಕಟ್ಟುವ ದಿನ ಮಾತ್ರ ತಿಳಿಯುತ್ತವೆ.

ಮಳೆಗಾಲದ ಆರಂಭದಲ್ಲಿ ನದಿ, ಜಲಾಶಯಗಳಲ್ಲಿ ಮೀನುಗಾರಿಕೆಯನ್ನು ನಿಷೇಧಿಸುವ ಕ್ರಮ ರಾಜ್ಯದಲ್ಲಿ ಹೊಸದೇನಲ್ಲ. ಕರಾವಳಿಯ ಕಡಲಿನಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದ್ದು, ಅದು ಬಹುಮಟ್ಟಿಗೆ ಪಾಲನೆಯಾಗುತ್ತದೆ. ಬಂದರಿನಲ್ಲಿ ಸಾಲಾಗಿ ಲಂಗರು ಹಾಕಿದ ದೋಣಿಗಳನ್ನು ಎಣಿಸಬಹುದು. ನೂರಾರು ಕವಲುಗಳ ಹಿನ್ನೀರಿನಲ್ಲಿ ತೆಪ್ಪಗಳನ್ನು ಎಣಿಸುವವರಿಲ್ಲ. ಅದಕ್ಕಿಂತ ಮೂಲಭೂತವಾದ ದೋಷ ಇನ್ನೊಂದಿದೆ. ಆದೇಶಗಳು ನಂಬುವುದು ಕ್ಯಾಲೆಂಡರನ್ನು, ಮೀನು ನಂಬುವುದು ಮಳೆಯನ್ನು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು; 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. 2023ರಲ್ಲಿ ಅದೇ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ರಂದು. ಬೇಗ ಬಂದ ವರ್ಷ ನಿಷೇಧ ಜಾರಿಯಾಗುವ ಮೊದಲೇ ಮೀನು ಹಳ್ಳ ಏರಿರುತ್ತದೆ. ತಡವಾದ ವರ್ಷ ಕುಗ್ಗಿದ ನೀರಿನಲ್ಲಿ ಸಿಕ್ಕಿಬಿದ್ದ ತಾಯಿಮೀನು ಇನ್ನಷ್ಟು ದಿನ ಬಲೆಯ ಎದುರಿಗಿರುತ್ತದೆ. ಎರಡೂ ಬಗೆಯಲ್ಲಿ, ನಿಷೇಧ ರಕ್ಷಿಸಬೇಕಾದ ಹದಿನೈದು ದಿನಗಳು ಅದರ ಹೊರಗೇ ಉಳಿಯುವ ಸಂಭವ ಹೆಚ್ಚು.

ನೀರಿನ ಮಟ್ಟದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಬೇಸಿಗೆಯ ಕೊನೆಗೆ ಜಲಾಶಯದಲ್ಲಿ ಎಷ್ಟು ನೀರು ಉಳಿಯಬೇಕೆಂಬ ಲೆಕ್ಕದಲ್ಲಿ ಮೆಗಾವ್ಯಾಟ್‌ಗಳಿಗೆ ಸ್ಥಾನವಿದೆ, ಮೀನಿಗಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಮಲೆನಾಡು ಬೀದಿಗಿಳಿದು ವಿರೋಧಿಸಿತು. ಆ ಹೋರಾಟದಲ್ಲಿ ಮುಳುಗಡೆಯ ನೋವು ಮಾತಾಡಿತು, ಕಾಡಿನ ಕಾಳಜಿ ಮಾತಾಡಿತು. ಬೇಸಿಗೆಯ ಕೊನೆಯ ನೀರನ್ನೇ ನಂಬಿದ ಜೀವಗಳ ಮಾತು ಅಷ್ಟಾಗಿ ಕೇಳಿಸಲಿಲ್ಲ. ಜಲಾಶಯ ಇನ್ನೊಂದು ಅಡಿ ಇಳಿದರೆ ಎಷ್ಟು ಯೂನಿಟ್ ವಿದ್ಯುತ್ ಎಂಬುದನ್ನು ತಟ್ಟನೆ ಹೇಳಬಲ್ಲ ವ್ಯವಸ್ಥೆ, ಆ ಒಂದು ಅಡಿಗೆ ಎಷ್ಟು ಹೊಳೆಬಾಯಿಗಳು ಒಣಗುತ್ತವೆ ಎಂಬುದನ್ನೂ ಹೇಳುವಂತಾಗಬೇಕು.

ಹಾಗಾದರೆ ಮಾಡಬೇಕಾದುದೇನು? ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಘಟ್ಟದ ಕೆಳಗಿನ ಶಿಶಿಲದಲ್ಲಿ ದೇವರ ಮೀನುಗಳು ಮನುಷ್ಯರ ಕಾಲ ಬಳಿಯೇ ನಿರ್ಭಯವಾಗಿ ಈಜುತ್ತವೆ. ಅಲ್ಲಿ ಕಾಯುತ್ತಿರುವುದು ಪೊಲೀಸರಲ್ಲ, ಊರಿನ ಒಪ್ಪಂದ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದಾಗ ಊರು ಕೈಚೆಲ್ಲಿ ಕೂರಲಿಲ್ಲ. ಸತ್ತ ಮೀನುಗಳಿಗೆ ಸ್ಮಾರಕ ನಿಲ್ಲಿಸಿತು, ಕಾವಲು ಮುಂದುವರಿಸಿತು, ಮೀನುಗಳೂ ಮರಳಿದವು. ದೇವರ ಹೆಸರಿನಲ್ಲಿ ಸಾಧ್ಯವಾದದ್ದು ಊರಿನ ಹೆಸರಿನಲ್ಲಿ ಏಕೆ ಸಾಧ್ಯವಾಗಬಾರದು?

ಮೊದಲನೆಯದಾಗಿ, ಹಿನ್ನೀರಿಗೆ ಸೇರುವ ಪ್ರಮುಖ ಹೊಳೆಗಳ ಬಾಯಿಗಳನ್ನೂ ಬೇಸಿಗೆಯಲ್ಲೂ ಬತ್ತದ ಹಳೆಯ ನದಿಪಾತ್ರದ ಆಳವಾದ ಮಡುಗಳನ್ನೂ ಗುರುತಿಸಿ, ಮೇ ಮಧ್ಯದಿಂದಲೇ ಬಲೆ ಬೀಳದ ತಾಣಗಳನ್ನಾಗಿ ಕಾಯಬೇಕು. ಇಡೀ ಜಲಾಶಯವನ್ನು ಮುಚ್ಚುವುದಕ್ಕಿಂತ ಆಯ್ದ ಜಾಗಗಳನ್ನು ನಿಜವಾಗಿ ಕಾಯುವುದು ಫಲಕಾರಿ. ಆ ಜಾಗಗಳನ್ನು ಮೀನುಗಾರರಷ್ಟು ಖಚಿತವಾಗಿ ಬಲ್ಲವರು ಬೇರೆ ಇಲ್ಲ; ಗುರುತಿಸುವ ಕೆಲಸ ಅವರಿಂದಲೇ ಆರಂಭವಾಗಬೇಕು. ಎರಡನೆಯದಾಗಿ, ನಿಷೇಧದ ಆರಂಭ ಮಳೆಯನ್ನು ಅನುಸರಿಸಬೇಕು. ಹವಾಮಾನ ಇಲಾಖೆಯ ಮುನ್ಸೂಚನೆ ಈಗ ವಾರ ಮೊದಲೇ ದೊರೆಯುತ್ತಿರುವಾಗ ಇದು ಅಸಾಧ್ಯವೇನಲ್ಲ. ಮೂರನೆಯದಾಗಿ, ಬಲೆ ಮಡಚಿಟ್ಟ ದಿನಗಳಿಗೆ ಮೀನುಗಾರ ಕುಟುಂಬಕ್ಕೆ ನೆರವು ತಲುಪಬೇಕು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧದ ಅವಧಿಯ ಜೀವನೋಪಾಯಕ್ಕೆ ಸಹಾಯದ ಅವಕಾಶ ಕಲ್ಪಿಸಲಾಯಿತು. ಅಂಥ ನೆರವು ಸಂಘದ ಸದಸ್ಯತ್ವ, ದಾಖಲೆಪತ್ರಗಳಿಲ್ಲದ ದಂಡೆಯ ಗುಡಿಸಲಿಗೂ ಮುಟ್ಟದಿದ್ದರೆ ನಿಷೇಧ ಕಾಗದದಲ್ಲೇ ಉಳಿಯುತ್ತದೆ. ಕೊನೆಯದಾಗಿ, ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಹಳ್ಳಗಳಿಗೆ ಅಡ್ಡಲಾಗಿ ಬಲೆ ಕಟ್ಟುವುದನ್ನೂ ತೋಟೆ, ವಿಷ, ವಿದ್ಯುತ್ತಿನ ಬಳಕೆಯನ್ನೂ ತಡೆಯುವ ನಿರ್ಣಯವನ್ನು ಗ್ರಾಮಸಭೆಯಲ್ಲಿ ಕೈಗೊಳ್ಳಬೇಕು. ಸೂಡಿ, ಕೂಣಿಯ ಹಳೆಯ ಮಿತಿಯನ್ನಾದರೂ ಊರಿಗೆ ನೆನಪಿಸಬೇಕು.

ಇವುಗಳಿಗೆ ದೊಡ್ಡ ಹಣ ಬೇಡ, ಹೊಸ ಕಾನೂನೂ ಬೇಡ. ಬೇಕಾದುದು ಹದಿನೈದು ದಿನಗಳ ಸಂಯಮ, ಆ ಹದಿನೈದು ದಿನ ಬಡವನ ಒಲೆ ಆರದಂತೆ ನೋಡಿಕೊಳ್ಳುವ ಹೊಣೆಗಾರಿಕೆ. ಮೊಟ್ಟೆ ಇಟ್ಟು ಮರಳಿದ ಮೀನನ್ನು ನವೆಂಬರಿನಲ್ಲಿ ಹಿಡಿದರೆ ಹೊಳೆಗೆ ಅಂಥ ನಷ್ಟವಿಲ್ಲ. ಅದನ್ನೇ ಮೇ ಕೊನೆಯಲ್ಲಿ ಹಿಡಿದರೆ ಮುಂದಿನ ಹಲವು ನವೆಂಬರುಗಳ ಬುಟ್ಟಿ ಬರಿದಾಗುತ್ತದೆ. ತಾಯಿಮೀನು ಉಳಿದರೆ ಮೊದಲು ಲಾಭವಾಗುವುದು ಪರಿಸರವಾದಿಗಲ್ಲ, ತೆಪ್ಪದವನಿಗೆ.

ಈ ಸಂಚಿಕೆ ಓದುಗರ ಕೈಸೇರುವ ಹೊತ್ತಿಗೆ ಹಿನ್ನೀರು ಇನ್ನಷ್ಟು ಕೆಳಗಿಳಿದಿರುತ್ತದೆ, ಹೊಳೆಬಾಯಿಗಳಲ್ಲಿ ಮೀನು ಮಳೆ ಕಾಯುತ್ತಿರುತ್ತದೆ. ಪ್ರತಿ ಊರಿನ ಬಳಗ ತನ್ನೂರಿನ ಒಂದು ಹಳ್ಳವನ್ನು, ಒಂದು ಹೊಳೆಬಾಯಿಯನ್ನು ಆರಿಸಿಕೊಂಡು, ಅಲ್ಲಿನ ಮೀನುಗಾರರೊಡನೆ ಕೂತು ಮಾತಾಡಿ, ಈ ವರ್ಷದ ಮೊದಲ ಮಳೆಗೆ ಅದನ್ನು ಕಾಯುವಂತಾಗಲಿ. ಬಿತ್ತನೆಗೆಂದು ಇಟ್ಟ ಬತ್ತವನ್ನು ಕಾದಂತೆಯೇ.